ಹನ್ನೆರಡನೆಯ ಅಚ್ಚು

ಬೋಳಾರದ ಹಂಚಿನ ಕಾರ್ಖಾನೆ ಮುಚ್ಚಿದ ಮೇಲೆ
ಅದರ ಹಿಂಬದಿಯ ಶೆಡ್ಡಿನಲ್ಲಿ
ಶೆಣೈಯವರು ಜೋಳ ಹುರಿಸಲು ಶುರು ಮಾಡಿದರು.
ನಾವು ನಾಲ್ಕು ಹೆಂಗಸರು, ಮಣ್ಣು ಮಿದ್ದ ಕೈಯವರು;
ಬೆಲ್ಲಕ್ಕೇನು, ಬಗ್ಗುತ್ತದೆ ಅಂದುಕೊಂಡೆವು.

ಮೊದಲ ವಾರ ಬಗ್ಗಲಿಲ್ಲ.
ಒಂದೆಳೆಗೆ ಇಳಿಸಿದರೆ ಹಲ್ಲಿಗೆ ಅಂಟು,
ಚೂರು ಮರೆತರೆ ಕಹಿ.
ನೀರಿಗೆ ಬಿಟ್ಟ ಹನಿ ಟಕ್ಕೆಂದು ಮುರಿಯಬೇಕು,
ಆಗ ಒಂದು ಸೌಟು ಬೆಣ್ಣೆ, ಚಿಟಿಕೆ ಸೋಡಾ,
ಉಕ್ಕಿ ಬರುವ ಆ ಬಣ್ಣ
ಭಟ್ಟಿಯಿಂದ ಆಗಷ್ಟೇ ಹೊರಬಂದ ಹಂಚಿನದ್ದು.
ಅರಳು ಸುರಿಯುವ ಮೊದಲು
ಸೆವ್ರಿನ್ ಬಾಯಿ ಶಿಲುಬೆ ಗುರುತು ಮಾಡುತ್ತಿದ್ದಳು.
ಕೈ ಸುಟ್ಟುಕೊಂಡವಳೂ ಅವಳೊಬ್ಬಳೇ.

ನನ್ನದು ಕೊನೆಯ ಕೆಲಸ:
ಎಂಟಾಣೆಯ ಪ್ಯಾಕೆಟ್ಟಿಗೆ ಒಂದು ಪ್ಲಾಸ್ಟಿಕ್ ಪ್ರಾಣಿ.
ಆನೆ, ಹುಲಿ, ಏಡಿ, ಮೂಗಿಲ್ಲದ ಮಂಗ,
ನಾಯಿಯೋ ನರಿಯೋ ಕೊನೆಗೂ ತಿಳಿಯದ ಒಂದು.
ಕವರಿನ ಬೆನ್ನಿಗೆ ಹನ್ನೆರಡು ಚಿತ್ರ;
ಹನ್ನೆರಡನೆಯದು ಕಡಲಕುದುರೆ,
ಬಾಲ ಸುರುಳಿ ಸುತ್ತಿ ನೆಟ್ಟಗೆ ನಿಂತದ್ದು.

ಅದು ಇರಲೇ ಇಲ್ಲ.
ಮುಂಬಯಿಯ ಸೆಕೆಂಡ್‌ಹ್ಯಾಂಡ್ ಅಚ್ಚುಗಳು,
ಲಾರಿಯಿಂದ ಇಳಿಸುವಾಗ ಒಂದು ಸೀಳಿತ್ತು.
"ಕವರು ಇಪ್ಪತ್ತು ಸಾವಿರ ಪ್ರಿಂಟಾಗಿ ಆಯ್ತು ಮಾರಾಯ್ತಿ,
ಎಂತ, ಹೊಳೆಗೆ ಬಿಡುವುದಾ?"
ಶೆಣೈಯವರು ಕೆಟ್ಟವರಲ್ಲ.
ಜ್ವರ ಬಂದರೆ ಸಂಬಳ ಕತ್ತರಿಸುತ್ತಿರಲಿಲ್ಲ.
"ನೀನು ಹೇಳಬೇಡ, ಅಷ್ಟೇ."

ಹೇಳಲಿಲ್ಲ.

ಅಂಗಡಿ ಮುಂದೆ ಪ್ಯಾಕೆಟ್ಟು ಕಿವಿಗೆ ಹಿಡಿದು
ಅಲ್ಲಾಡಿಸುವ ಪಂಡಿತರು ಹುಟ್ಟಿಕೊಂಡರು:
ಕುದುರೆಯ ಸದ್ದೇ ಬೇರೆಯಂತೆ.
ಕಾರ್ಕಳದಲ್ಲಿ ಒಬ್ಬನಿಗೆ ಸಿಕ್ಕಿತಂತೆ,
ಉಳ್ಳಾಲದ ಅವಳಿಗಳಿಗೆ ಎರಡು ಸಿಕ್ಕಿ
ಅವರಪ್ಪ ಬೀರುವಿನಲ್ಲಿಟ್ಟು ಬೀಗ ಹಾಕಿದನಂತೆ.
ಇಂಥ ಸುದ್ದಿ ಸಿಟಿಬಸ್ಸಿಗಿಂತ ಜೋರು ಓಡುತ್ತದೆ.
ಸುದ್ದಿ ಬಂದ ವಾರವೆಲ್ಲ ನಮಗೆ ಓವರ್‌ಟೈಮ್.

ನನ್ನ ಲೋಕು ಬಿಸ್ಕೂಟಿನ ಡಬ್ಬಿಯಲ್ಲಿ
ಹನ್ನೊಂದು ಕೂಡಿಸಿದ್ದ.
ರಾತ್ರಿ ಚಾಪೆಯ ಪಕ್ಕ ಸಾಲಾಗಿ ನಿಲ್ಲಿಸಿ
ಕೊನೆಗೆ ಬೆರಳಗಲ ಜಾಗ ಬಿಟ್ಟು ಮಲಗುತ್ತಿದ್ದ.
ಒಮ್ಮೆಯೂ ಕೇಳಲಿಲ್ಲ, ಅಮ್ಮ ಒಂದು ತಾ ಎಂದು.
ಹುಡುಗರು ಚುಡಾಯಿಸಿದಾಗ
"ನನ್ನಮ್ಮ ಕದಿಯುವವಳಲ್ಲ" ಅಂದನಂತೆ.
ಟೀಚರು ನನಗಿದನ್ನು ಹೇಳಿ ಅವನ ತಲೆ ಸವರಿದರು.
ಆ ರಾತ್ರಿಯ ಗಂಜಿ
ಒಂದೆಳೆ ಪಾಕದ ಹಾಗೆ ಗಂಟಲಿಗಂಟಿತು.

ಒಂದು ಶನಿವಾರ ಮನೆಗೆ ಬಂದರೆ
ಆನೆ ಇಲ್ಲ, ಹುಲಿ ಇಲ್ಲ, ಸಾಲೇ ಇಲ್ಲ.
ಡಬ್ಬಿಯ ತಳದಲ್ಲಿ, ಲೆಕ್ಕದ ಪುಸ್ತಕದ ಹಾಳೆಯ ಮೇಲೆ
ಒಂದು ಕಡಲಕುದುರೆ.
ನಿಜದ್ದು. ಒಣಗಿ ಕಡ್ಡಿಯಾದದ್ದು.
ಸಿಗಡಿಯ ಜೊತೆ ಬಲೆಗೆ ಬಂದಿತ್ತಂತೆ;
ಬೆಂಗ್ರೆಯ ಹಮ್ಮಬ್ಬನ ಮಗ ಮಾಡಿನ ಮೇಲೆ ಒಣಗಿಸಿ
ಚಡ್ಡಿ ಕಿಸೆಯಲ್ಲಿಟ್ಟು ದೋಣಿಯಲ್ಲಿ ಹೊಳೆ ದಾಟಿಸಿದ್ದು.
ಬಣ್ಣ ನಮ್ಮ ಪಾಕದ್ದೇ,
ಒಂದು ನಿಮಿಷ ಹೆಚ್ಚು ಕುದಿದ ಪಾಕದ್ದು.

"ಹನ್ನೊಂದನ್ನೂ ಕೊಟ್ಟೆಯಾ?"
"ಅವು ಪುನಃ ಸಿಗ್ತವೆ. ನೀನೇ ಹಾಕ್ತೀಯಲ್ಲ ದಿನಾ.
ಇದು ಮಾತ್ರ ನಿನ್ನ ಹತ್ರ ಇಲ್ಲ."

ಅವನಿಗೆ ಎಷ್ಟು ಗೊತ್ತಿತ್ತು, ಯಾವಾಗಿನಿಂದ,
ನಾನು ಕೇಳಲಿಲ್ಲ.
ಒಲೆಗೆ ಊದಿದೆ. ಹೊಗೆ ಜಾಸ್ತಿ ಇತ್ತು.

ಪ್ಲಾಸ್ಟಿಕ್ ಪ್ರಾಣಿಗಳಿಗೆ ಬೆಲ್ಲದ ವಾಸನೆಗೆ
ಇರುವೆ ಮುತ್ತುತ್ತಿತ್ತು.
ಇದಕ್ಕೆ ಬೆಕ್ಕು ಬಂತು.
ಡಬ್ಬಿ ಮುಚ್ಚಿ ಮೇಲೆ ಒಂದು ಹಂಚು ಹೇರಿದೆ,
ಕಾರ್ಖಾನೆಯ ಹೆಸರಿದ್ದದ್ದು, ಅಂಚು ಒಡೆದದ್ದು,
ನಾನೇ ಅಚ್ಚಿನಿಂದ ಎತ್ತಿದ್ದಿರಬಹುದು.