ಅಳತೆಗೊಬ್ಬ ಮನುಷ್ಯ

ಪ್ರತಿ ಫೋಟೋದಲ್ಲೂ ಒಬ್ಬ ಮನುಷ್ಯ ನಿಂತಿರಬೇಕು
ಎಂದರು ಇಂಜಿನಿಯರು.
ಕೆಡವಿದ್ದೆಷ್ಟು, ಉಳಿದದ್ದೆಷ್ಟು,
ಬಿಲ್ಲು ಪಾಸು ಮಾಡುವವರಿಗೆ ಅಂದಾಜು ಸಿಗಬೇಕಲ್ಲ.
ಕೋಲು ನೆಟ್ಟರೆ ಸಾಲದೆ, ಅಂದೆ.
ಕೋಲನ್ನು ಯಾರು ಬೇಕಾದರೂ ಕತ್ತರಿಸಬಹುದು, ಅಂದರು.

ಹಾಗೆ ಸಿಕ್ಕವರು ದಸ್ತಗೀರ್ ಸಾಬರು.
ಕಾಗದದ ಮಿಲ್ಲಿನಲ್ಲಿ ಇಪ್ಪತ್ತೆಂಟು ವರ್ಷ ಬಿದಿರು ಬೇಯಿಸಿದವರು,
ಈಗ ಅದೇ ಗೇಟಿಗೆ ಕಾವಲು.
ಎತ್ತರ ಐದಡಿ ನಾಲ್ಕಿಂಚು, ಟೋಪಿ ಬಿಟ್ಟು.
ನಮ್ಮಲ್ಲಿ ದಾಖಲೆಯಿದೆ:
ಗೇಟಿನೆದುರಿನ ಸ್ಟುಡಿಯೋದಲ್ಲಿ
ಗುರುತಿನ ಚೀಟಿಗೆಂದು ಅವರನ್ನು ಕೂರಿಸಿದ್ದು ಅಪ್ಪ.
ನೀಲಿ ಪರದೆ. ಊರಿಗೆಲ್ಲ ಒಂದೇ ಕೋಟು.
ಹೆಗಲು ಸಡಿಲಾದವರಿಗೆ ಹಿಂದೆ ಬಟ್ಟೆಯ ಕ್ಲಿಪ್ಪು.
ಬೆನ್ನು ಫೋಟೋಕ್ಕೆ ಬರುವುದಿಲ್ಲ ಬಿಡು,
ಎನ್ನುತ್ತಿದ್ದ ಅಪ್ಪ.

ಮೊದಲ ದಿನ ಚಿಮಣಿ.
ಪೂರ್ತಿ ಹಿಡಿಯಲು ನಾನು ಸೇತುವೆ ದಾಟಿ
ಆಚೆ ದಡಕ್ಕೇ ಹೋಗಬೇಕಾಯಿತು.
ಬುಡದಲ್ಲಿ ಸಾಬರು ಒಂದು ಅಕ್ಕಿಕಾಳು.
ಕೈಯೆತ್ತಿದರೋ ಇಲ್ಲವೋ
ಸಂಜೆ ಪರದೆಯ ಮೇಲೆ ಹಿಗ್ಗಿಸಿದಾಗಲೇ ತಿಳಿದದ್ದು.
ಎತ್ತಿದ್ದರು.

ಆಗೆಲ್ಲ ಭದ್ರೆಯ ಬಣ್ಣ ನೋಡಿ ಪಾಳಿ ಹೇಳಬಹುದಿತ್ತು.
ಬೆಳಿಗ್ಗೆ ಡಿಕಾಕ್ಷನ್, ಮಧ್ಯಾಹ್ನ ನೊರೆ,
ರಾತ್ರಿ ಪಾಳಿಯದು ಕತ್ತಲಲ್ಲೇ ಹರಿದು ಹೋಗುತ್ತಿತ್ತು,
ಮೂಗಿಗೆ ಮಾತ್ರ ಅದರ ಲೆಕ್ಕ.
ಬೆಂದು ಕೊಳೆತ ಎಲೆಕೋಸಿನ ಆ ವಾಸನೆ
ನಿಂತುಹೋದದ್ದನ್ನು ಮೊದಲು ಕಂಡುಹಿಡಿದವರು
ಕಿರಾಣಿ ಅಂಗಡಿಯ ಪಾಂಡುರಂಗ ಶೆಟ್ಟರು.
ಬಾಗಿಲಿಗೆ ಬಂದು ಎರಡು ಸಲ ಉಸಿರೆಳೆದು,
ಒಳಗೆ ಹೋಗಿ
ಉದ್ರಿ ಪುಸ್ತಕಕ್ಕೆ ದಾರ ಸುತ್ತಿ ಎತ್ತಿಟ್ಟರು.

ಚಿಮಣಿ ಬಿದ್ದ ಗಳಿಗೆ ನನ್ನ ಹತ್ತಿರ ಇಲ್ಲ.
ಊರಿಗೂರೇ ಸೇತುವೆ ಮೇಲೆ ಫೋನೆತ್ತಿ ನಿಂತಿತ್ತು,
ಎಲ್ಲರ ಹತ್ತಿರವೂ ಇದೆ, ಕೇಳಿದರೆ ಕೊಡುತ್ತಾರೆ.
ನಾನು ಸಾಬರ ಮುಖ ಹಿಡಿಯುತ್ತಿದ್ದೆ.
ಬಿಲ್ಲಿಗೆ ಅದು ಬೇಡ.

ಆಮೇಲೆ ಹಿಟಾಚಿ ಬಂತು, ದಂಡೆಯನ್ನು ಪದರ ಪದರ ಬಿಡಿಸಿತು.
ಮೇಲೆ ಲಂಟಾನದ ಬೇರು,
ಕೆಳಗೆ ಸುಣ್ಣ,
ಅದರ ಕೆಳಗೆ ಒದ್ದೆ ರಟ್ಟಿನ ಹಾಗೆ ಒತ್ತಿಕೊಂಡ ಕಪ್ಪು ರಾಡಿ,
ಅಗೆದಷ್ಟೂ ರಾಡಿ, ಲಾರಿ ಲಾರಿ ರಾಡಿ,
ಆಮೇಲೊಂದು ದಿನ ಮರಳು.
ಆಪರೇಟರ್ ಯಂತ್ರ ಆರಿಸಿ ಇಳಿದು ನೋಡಿದ.
ಅಳತೆಗೆಂದು ಸಾಬರು ಗುಂಡಿಗಿಳಿದರು, ತಲೆ ಕಾಣಲಿಲ್ಲ.
ಸಾಬ್ರೇ, ಕೈ ಎತ್ರಿ! ಎಂದು ಕೂಗಿದೆ.
ಮೇಲೆ ಬಂದ ಕೈಯಲ್ಲಿ
ಒಂದು ಕಪ್ಪೆಚಿಪ್ಪು.
ನಮ್ಮ ತಾತಂದಿರಿಗಿಂತ ಮುಂಚೆ ಬಾಯಿ ಮುಚ್ಚಿದ್ದು.

ಮಂಡಳಿಯಿಂದ ಬರುವ ಹುಡುಗಿ ಯಶೋಮತಿ
ನೀರು ತುಂಬಿದ ಬಾಟಲಿಗಳಿಗೆ ಚೀಟಿ ಅಂಟಿಸುತ್ತಾಳೆ.
ಕುಡಿಯಬಹುದಾ?
ಇನ್ನೂ ಕೇಳಬೇಡಿ.
ಮತ್ತೆ ಮೀನು ಬಂದಿವೆಯಲ್ಲ?
ಅವಕ್ಕೆ ವರದಿ ತಲುಪಿಲ್ಲ, ಅನ್ನುತ್ತಾಳೆ,
ನಗುವುದಿಲ್ಲ.

ನಲವತ್ತನೆಯ ವಾರ.
ಮೂಲೆಯಲ್ಲಿ ತಾರೀಕು, ಅಕ್ಷಾಂಶ, ರೇಖಾಂಶ.
ಮಟ್ಟ ಮಾಡಿದ ಕೆಮ್ಮಣ್ಣು, ಮೊಣಕಾಲುದ್ದದ ಹೊಂಗೆ ಸಸಿ,
ಹೊಳೆ, ಬಣ್ಣವಿಲ್ಲದ್ದು,
ಗಂಟೆ ಎಷ್ಟೆಂದು ಹೇಳಲು ಬಾರದ್ದು.
ಇಡೀ ದಂಡೆಯಲ್ಲಿ ಈಗ ಎಲ್ಲಕ್ಕಿಂತ ಎತ್ತರ
ಐದಡಿ ನಾಲ್ಕಿಂಚು.
ಇತ್ತ ತಿರುಗಿ ಅಂದೆ.
ಕೇಳಿಸಿತೋ ಇಲ್ಲವೋ, ತಿರುಗಲಿಲ್ಲ.
ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು
ನೀರಿನ ಕಡೆಗೇ ನಿಂತಿದ್ದರು.

ಅದನ್ನೇ ಕಳಿಸಿದೆ.
ಇಂಜಿನಿಯರು ವಾಪಸು ಮಾಡಿದರು: ಮುಖವಿಲ್ಲ.
ಅಳತೆ ಸರಿಯಿದೆಯಲ್ಲ ಸಾರ್, ಅಂದೆ.
ಅಪ್ಪಾ, ಬೆನ್ನು ಬಂದಿದೆ,
ಬೆವತ ಅಂಗಿ ಅಂಟಿದ ಬೆನ್ನು,
ಕ್ಲಿಪ್ಪಿಲ್ಲ.

ಸೋಮವಾರ ಮತ್ತೊಂದು ತೆಗೆಯಬೇಕಂತೆ.
ಮೋಡವಿದ್ದರೆ ಮಂಗಳವಾರ.