ಎಲಿಸಂಚಿ

ನೀರು ಇಳದು ಆರು ದಿನ ಆತು.
ಗಿರಣಿ ಗೋಡಿ ಮ್ಯಾಲ ಕಾಗಿಣಾ ಎಳದ ಗೆರಿ
ನನ್ನ ಎದಿಮಟ ಅದ.
ಸ್ವಿಚ್ಚಿನ ಬೋರ್ಡು ನನ್ನ ಸೊಂಟದ ಮಟ.
ಇಷ್ಟೇ ಲೆಕ್ಕ.

ಹೊರಗ ಕಟ್ಟಿ ಮ್ಯಾಲ ಡಬ್ಬಿ ಸಾಲು.
ಅಟ್ಟದ ಮ್ಯಾಲ ಉಳದ ಜ್ವಾಳ,
ಶಾಲ್ಯಾಗ ಹಂಚಿದ ಗೋದಿ,
ಮುಚ್ಚಳ ಹರದುಹೋದ ಒಂದು ಡಬ್ಬಿಗಿ ಪರಾತ ಬೋರಲು.
"ಜಗದೇವಿ, ಗುಂಡಿ ಒತ್ತಿದ್ರ ಆತಲ್ಲ,
ಕರೆಂಟ್ ಬಂದದ, ಮ್ಯಾಲಿನ ಓಣ್ಯಾಗ ಟಿವಿ ಹಚ್ಯಾರ."
ಹೌದು, ಹಚ್ಯಾರ.
ಮಾಪಣ್ಣನ ಎಮ್ಮಿ ತಗಡಿನ ಶೆಡ್ಡಿಗಿ ಮೈ ತಿಕ್ಕಿ
ಅಲ್ಲೇ ಕುಸದು ಬಿತ್ತು. ಮತ್ತ ಏಳಲಿಲ್ಲ.

ಸೇಡಂದಿಂದ ಚಾಂದಪಾಷಾ ಬಂದ.
ಚಪ್ಪಲಿ ಬಿಡದ ಒಳಗ ಬಂದ.
ಅತ್ತಿ ಮಾರಿ ಗಂಟು ಹಾಕಿದಳು.
"ರಬ್ಬರಿನವು ಅವ್ವಾ, ಇವತ್ತ ಬಿಡಂಗಿಲ್ಲ."
ಮೊದಲು ಲೈನ್‌ಮನ್ನಿಗಿ ಫೋನ್ ಹಚ್ಚಿ ಕಂಬದ ಮ್ಯಾಲ ಲೈನ್ ತಗಸಿದ.
ಟೆಸ್ಟರ್ ಇಟ್ಟ, ನೋಡಿದ. ಮತ್ತೊಮ್ಮೆ ಇಟ್ಟ.
ಆಮ್ಯಾಲ ಮೂರೂ ಫ್ಯೂಜು ಕಿತ್ತಿದ,
ಬಿಳಿ ಪಿಂಗಾಣಿಯವು, ಅಂಗೈತುಂಬ,
ಯಾರಿಗಿ ಕೊಡಲಿ ಅಂತ ಸುತ್ತ ನೋಡಿ
ಅತ್ತಿ ಕೈಯಾಗ ಇಟ್ಟ.
"ನಾ ಬರೋತನಕ ಯಾರಿಗೂ ಕೊಡಬ್ಯಾಡ್ರಿ.
ನಿಮ್ಮ ಮಗನಿಗೂ."

ಬೋರ್ಡು ಬಿಚ್ಚಿದ್ರ ಒಳಗ ರಾಡಿ.
ರಾಡ್ಯಾಗ ಒಂದು ಜ್ವಾಳದ ಕಾಳು.
ಫೇಸಿಗೂ ನ್ಯೂಟ್ರಲ್ಲಿಗೂ ನಡುವ
ಬಿಳಿ ಬೇರು ಇಳಿಬಿಟ್ಟಿತ್ತು, ಹೊಲ ಅಂತ ತಿಳಕೊಂಡು.
ಇಕ್ಕಳದಿಂದ ಮೆಲ್ಲಕ ಎತ್ತಿ ಕಿಟಕ್ಯಾಗ ಇಟ್ಟ.
"ಗೋಡಿ ಒಣಗ್ಯದಲ್ಲ?" ನಾ ಕೇಳಿದೆ.
"ಮ್ಯಾಲ ಒಣಗ್ಯದ ಅಕ್ಕಾ,
ಪೈಪಿನೊಳಗ ಇನ್ನಾ ಕಾಗಿಣಾ ನಿಂತದ."
ಮೋಟರ್ ಬಿಚ್ಚಿ ಟಂಟಂದಾಗ ಹಾಕ್ಕೊಂಡು ಹೋದ,
ಹಸಿ ಬಾಣಂತೀನ ಕರಕೊಂಡು ಹೋದಂಗ,
ಸಾವಕಾಶ.

ಐದು ದಿನ.
ಅತ್ತಿ ನಡದ್ರ ಸೊಂಟದಾಗ ಎಲಿಸಂಚಿ ಕಟಕಟ.
ಮೆಂಬರು ಬಂದ, ಬೆದರಿಸಿದ.
ನನ್ನ ಗಂಡ ಬಂದ, "ಒಂದೇ ಒಂದು ತಾಸು" ಅಂದ.
ಅಡಕಿ ಕತ್ತರಿಸಿ ಕೊಟ್ಟಳು, ಎಲಿ ಕೊಟ್ಟಳು,
ಫ್ಯೂಜು ಕೊಡಲಿಲ್ಲ.
ರಾತ್ರಿ ಸಂಚಿ ಮ್ಯಾಲ ಕೈ ಇಟ್ಟು ಮಲಗ್ತಿದ್ಳು,
ಕೂಸಿನ ಮ್ಯಾಲ ಇಟ್ಟಂಗ.

ಚಾಂದಪಾಷಾ ತಿರುಗಿ ಬಂದ ದಿನ
ಹೊಸ ವೈರು ಎಳದ, ಅರ್ಥಿಂಗ್ ಗುಂಡಿ ತೋಡಿ
ಇದ್ದಲಿ, ಉಪ್ಪು ತುಂಬಿದ.
ಹ್ಯಾಂಡಲಿನ ಪೆಟಿಗಿ ತಿರುವಿದ, ಮುಳ್ಳು ಮ್ಯಾಲ ಹೋತು.
ಹೊಸ್ತಿಲದಾಗ ಚಪ್ಪಲಿ ಬಿಡಲಿಕ್ಕ ಹೋದ್ರ
"ಹಾಕ್ಕೊಂಡೇ ಬಾರೋ" ಅಂದಳು ಅತ್ತಿ.
ಸಂಚಿ ಬಿಚ್ಚಿ ಎಣಿಸಿದಳು.
ಒಂದು. ಎರಡು.
ಮೂರನೇದು ಸುಣ್ಣದ ಡಬ್ಬ್ಯಾಗ ಮುಳುಗಿತ್ತು.

ಅಂವ ಬೆಳಕಿಗಿ ಹಿಡದು ನೋಡಿದ, ತಿರುವಿ ನೋಡಿದ.
"ಹಸಿ ಸುಣ್ಣ, ಅವ್ವಾ. ಇದು ನಡಿಯಂಗಿಲ್ಲ.
ನಾಳಿಗಿ ಸೇಡಂದಿಂದ ಹೊಸಾದು ತರ್ತೀನಿ."

ಅತ್ತಿ ಬಾಯಿಮ್ಯಾಲ ಸೆರಗು ಇಟ್ಕೊಂಡು ನಕ್ಕಳು,
ನೀರು ಬಂದ ಮ್ಯಾಲ ಮೊದಲ ಸಲ.
ಕಟ್ಟಿ ಮ್ಯಾಲಿನ ಡಬ್ಬಿಗೋಳು
ಇನ್ನೊಂದು ರಾತ್ರಿ ಕುಂತವು.