ಎಡದ ಬಿಸಿ

ಇಬ್ರಿಯಲ್ಲಿ ಜುಲೈ. ಬೇಲಿಯ ಕಂಬಿ ಸುಡುತ್ತದೆ,
ನೀರಿನ ಡ್ರಮ್ಮು, ನನ್ನ ಕಿವಿಯ ಹಾಲೆ.
ಇಲ್ಲಿ ಒಂದು ಕೆಚ್ಚಲ ಜ್ವರ
ಹಗಲಲ್ಲಿ ಹೇಗೆ ತಿಳಿಯಬೇಕು?

ಅದಕ್ಕೇ ಬಾಂಗಿಗೆ ಮುಂಚೆ ಏಳುತ್ತೇನೆ, ಮರಳು ತಣ್ಣಗಿದ್ದಾಗ.
ಕೆಂಚಿ ಹಿಂಗಾಲು ಅಗಲಿಸಿ ನಿಂತಿದ್ದಾಳೆ,
ಮರಿ ಬಾಯಿ ಹಾಕಿದರೆ ಒದೆಯುತ್ತಾಳೆ.
ಅಂಗೈ ಇಟ್ಟೆ. ಬಲ, ನಾದಿದ ಹಿಟ್ಟು.
ಎಡ, ಕಾದ ಕಲ್ಲು.

ಮುದುಕಿ ಝುವೈನಾಗೆ ಹೇಳಲು
ನನ್ನ ಅರಬಿಯಲ್ಲಿ ಕೆಚ್ಚಲಿಗೆ ಮಾತಿಲ್ಲ.
ಮೊಬೈಲು ಆರಿಸಿ, ಕರಿ ಗಾಜಿನ ಮೇಲೆ
ನಾಲ್ಕು ಹನಿ ಹಿಂಡಿ ತೋರಿಸಿದೆ:
ಒಡೆದ ಹಾಲು, ಅವಲಿನಂಥ ಚೂರು, ಒಂದು ಕೆಂಪು ಎಳೆ.
ಡಾಕ್ಟರಿಗೆ ಫೋನು ಮಾಡು ಎಂದಳು.
ಅದನ್ನೇ ಒರೆಸಿ ಮಾಡಿದೆ.

ಅವನು ಬಂದು ತೊಟ್ಟಿಗೆ ಟ್ಯೂಬು ಏರಿಸಿ ಹೋದ.
ಉಳಿದದ್ದು ನನ್ನ ಪಾಲು:
ಬಿಸಿನೀರ ಬಟ್ಟೆ, ಎರಡು ತಾಸಿಗೊಮ್ಮೆ ಹಿಂಡುವುದು,
ಹಿಂಡಿದ್ದನ್ನು ದೂರ ಹೂಳುವುದು,
ಎಲ್ಲ ಆಡುಗಳಾದ ಮೇಲೆ ಇವಳನ್ನು ಕರೆಯುವುದು,
ಕೈ ತೊಳೆದು, ಮತ್ತೆ ತೊಳೆದು.

ಒಂಬತ್ತನೆಯ ದಿನ ಎಡ ತಣ್ಣಗಾಯಿತು, ಸಣ್ಣಗಾಯಿತು,
ಹಾಲು ಮಾತ್ರ ತಿರುಗಿ ಬರಲಿಲ್ಲ.
ಝುವೈನಾ ಕೇಳಿದಳು, ನಿಮ್ಮಲ್ಲಿ ಇದಕ್ಕೆ ಏನನ್ನುತ್ತೀರಿ?
ಹೇಳಿಕೊಟ್ಟೆ. ಅವಳ ಬಾಯಲ್ಲಿ ಅದು ‘ಕೆಶಲೂ’.
ಮರಿ ಯಾರ ಮಾತಿಗೂ ಕಾಯದೆ
ಬಲಕ್ಕೇ ಹೋಗಿ ಗುದ್ದಿತು.